ಗೋಡೆ ಕೇಳಿದ ದನಿ

ಗವಳಿ ಓಣಿಯ ಹಳೇ ಮನೆಗಳನ್ನು ಕೆಡವಿ, ಆಯಾ ಮನೆಯ ಇಟ್ಟಿಗೆಯನ್ನೇ ಪುಡಿ ಮಾಡಿ ಅದೇ ಜಾಗದಲ್ಲಿ ಹೊಸ ಮನೆಗಳನ್ನು ಕಟ್ಟಿದ್ದರು. ಆ ಇಟ್ಟಿಗೆಯ ಗೋಡೆ ಮೊದಲು ಯಾರ ದನಿ ಕೇಳಿತ್ತೋ ಅವರು ಕರೆದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಬಾಗಿಲು ತೆರೆಸಿದವರಿಗೇ ಮನೆ; ಹೊರಗಿನವರು ನುಸುಳಬಾರದೆಂದು ಸರಕಾರ ಮಾಡಿದ ನಿಯಮ ಅದು. ಆರು ವರ್ಷ ತಗಡಿನ ಶೆಡ್ಡುಗಳಲ್ಲಿ ಕಳೆದ ಓಣಿಯವರು ಬಿಸಿಲಲ್ಲಿ ಸಾಲಾಗಿ ನಿಂತಿದ್ದರು.

ಕೌದಿ ಹೊಲಿಯುವ ಹುಸೇನಬಿ ತನ್ನ ಮನೆ ಮುಂದೆ ನಿಂತು ಮೂರು ಸಲ ಕರೆದಳು. ಬಾಗಿಲು ಅಲುಗಲಿಲ್ಲ. ಮೂವತ್ತು ವರ್ಷ ಆ ಮನೆಯಲ್ಲಿ ಅವಳು ತುಟಿಯಲ್ಲಿ ದಾರ ಕಚ್ಚಿಕೊಂಡು ಸುಮ್ಮನೆ ಹೊಲಿದವಳು.

"ಗ್ವಾಡಿಗೆ ನಿಮ್ಮ ಗುರುತಿಲ್ಲರಿ," ಎಂದು ಗುಮಾಸ್ತ ಅವಳ ಹೆಸರು ಹೊಡೆದುಹಾಕಿದ.

ಮುಂದಿನ ಸರದಿ ಪಕ್ಕದ ಮನೆಯ ಕಲ್ಲವ್ವನದು. ಹೂ ಮಾರಿ ಮಾರಿ ಕೂಗಿ ಮಾತಾಡುವುದೇ ಅವಳಿಗೆ ರೂಢಿ. ಗೆಳತಿಯ ಮುಖ ನೋಡಲಾರದೆ ಅವಳು ಹುಸೇನಬಿಯ ಮನೆ ಮುಂದಿನ ಕಟ್ಟೆಯ ಮೇಲೆ ಕೂತು, "ಹುಸೇನಬೀ, ಬಾರವಾ, ಕುಂದರು" ಎಂದಳು.

ಹುಸೇನಬಿಯ ಮನೆ ಬಾಗಿಲು ತೆರೆಯಿತು. ದಿನಕ್ಕೆ ಹತ್ತು ಸಲ ಆ ಗೋಡೆ ಕೇಳಿದ್ದ ದನಿ ಅದು.

ಗುಮಾಸ್ತ ಕಲ್ಲವ್ವನ ಕಡೆ ತಿರುಗಿ ತಲೆ ಕೆರೆದುಕೊಂಡ. "ಹಂಗಾರ ಈ ಮನಿ ನಿಮಗೂ ಬರ್ತೈತಿ. ಆದ್ರ ಒಬ್ಬರಿಗೆ ಒಂದ ಮನಿ. ಇದನ್ನ ತಗೊಂಡ್ರ ನಿಮ್ಮದು ಬ್ಯಾರೆಯವರಿಗೆ ಹೋಗತೈತಿ. ಯಾವುದು ಬರೀಲಿ?"

ಕಲ್ಲವ್ವ ತನ್ನ ಬಾಗಿಲನ್ನು ನೋಡಿದಳು. ಆ ಗೋಡೆಗಳು ಅವಳ ಜೋಗುಳ ಕೇಳಿದ್ದವು, ಸತ್ತ ಗಂಡನ ಕೆಮ್ಮನ್ನೂ ಕೇಳಿದ್ದವು.

"ಇದನ್ನ ಬರೀರಿ, ಹುಸೇನಬಿ ಮನೀನ."

"ಹುಚ್ಚಿ, ನಿನ್ನ ಮನಿ?" ಎಂದಳು ಹುಸೇನಬಿ.

"ನಾಕ ಹೆಜ್ಜಿ ನಡ್ಯಾಕೂ ತ್ರಾಣ ಇಲ್ಲವಾ ನನಗ. ಬಾ ಒಳಗ. ಇನ್ನರ ಜೋರ ಮಾತಾಡು, ಗ್ವಾಡಿ ಕೇಳ್ಲಿ."