ಗಾಡಿಯ ಕಣ್ಣು

"ಅದರ ಹತ್ರ ಒಮ್ಮಿ ಕರಕೊಂಡ ನಡೀರಿ," ಎಂದಳು ರತ್ನಾಬಾಯಿ, ಆಟೋದಿಂದ ಇಳಿಯುತ್ತಲೇ.

"ಯಾವ್ದರ ಹತ್ರ?" ಎಂದ ಗಂಡ ದತ್ತಾತ್ರೇಯ, ಗೊತ್ತಿದ್ದೂ.

"ಮತ್ಯಾವ್ದರಿ? ನಮ್ಮ ಸ್ಪೋರ್ಟ್ಸ್ ಕಾರ್ ಹತ್ರ."

ಮಿರಜಿನ ಕಣ್ಣಿನ ಡಾಕ್ಟರು ಬೆಳಿಗ್ಗೆ ಮುಖಕ್ಕೇ ಹೇಳಿ ಕಳಿಸಿದ್ದರು: ಸಕ್ಕರೆ ಕಾಯಿಲೆ ರತ್ನಾಬಾಯಿಯ ಕಣ್ಣನ್ನು ತಿಂದು ಮುಗಿಸಿದೆ, ಉಳಿದಿರುವುದು ಬೆಳಕು ಯಾವುದು ಕತ್ತಲೆ ಯಾವುದು ಎಂಬ ಗುರುತಷ್ಟೇ, ಒಂದು ದಿನ ಅದೂ ಹೋಗುತ್ತದೆ. ಬನಹಟ್ಟಿಯ ತಮ್ಮ ಓಣಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು, ಓಣಿ ಮೂಕವಾಗಿತ್ತು.

ಆ ಕಾರು ದತ್ತಾತ್ರೇಯನ ಕೈಯಲ್ಲೇ ಹುಟ್ಟಿದ್ದು. ಹಳೆಯ ಗಾಡಿಯೊಂದರ ಚಾಸಿಯ ಮೇಲೆ, ಕ್ಯಾಲೆಂಡರಿನ ಚಿತ್ರ ನೋಡಿಕೊಂಡು, ಮದುವೆಗೆ ಮುಂಚೆ ತಗಡು ಬಡಿದು ಕಟ್ಟಿದ್ದ. ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ಮೂತಿ ಇಸ್ತ್ರಿಪೆಟ್ಟಿಗೆಯಷ್ಟು ಚೂಪು. ಗುಂಡಿ ಒತ್ತಿದರೆ ಬಾನೆಟ್ಟಿನ ಮೇಲೆ ಎರಡು ಮುಚ್ಚಳ ಎದ್ದು, ಅಡಗಿ ಕುಳಿತಿದ್ದ ದೀಪಗಳು ಕಣ್ಣು ತೆರೆಯುತ್ತಿದ್ದವು. ಮದುವೆಯ ಸಂಜೆ ಅದನ್ನು ನೋಡಿ ರತ್ನಾ "ಯವ್ವಾ!" ಎಂದು ಎಲ್ಲರೆದುರೇ ಗಂಡನ ತೋಳು ಹಿಡಿದುಬಿಟ್ಟಿದ್ದಳು. ಮುಂದೆ ಜಮಖಂಡಿ, ಮುಧೋಳದ ಜನರೂ ಮದುವೆ ಮೆರವಣಿಗೆಗೆ ಅದೇ ಗಾಡಿ ಬೇಕೆಂದು ಬಂದರು.

ಆಮೇಲೆ ಜಗತ್ತಿನ ಕಾರುಗಳೆಲ್ಲ ಗುಂಡಗಾದವು. ಇದು ಹಳೇ ಫ್ಯಾಶನ್ನು ಎಂದು ಜನ ಮೂಗು ಮುರಿದರು. ದತ್ತಾತ್ರೇಯ ಮೂಲೆಗಳಿಗೆಲ್ಲ ಫೈಬರ್ ಮೆತ್ತಿ ಗುಂಡಗೆ ಮಾಡಿದ. ಗುಂಡಗಿದ್ದದ್ದೂ ಹಳತಾಯಿತು. ಈಗ ಎಲ್ಲರಿಗೂ ಸಿಟ್ಟು ಮೋರೆಯ, ಸೀಳುಗಣ್ಣಿನ ಗಾಡಿಯೇ ಬೇಕು. ಅಷ್ಟರಲ್ಲಿ ರತ್ನಾಬಾಯಿಗೆ ಎದುರು ನಿಂತವರ ಮುಖವೂ ಕಾಣದಂತಾಗಿತ್ತು. "ಏನರೆ ಮಾಡ್ರಿ, ಅದರ ಕಣ್ಣಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ," ಎಂದಿದ್ದಳು. ಹಚ್ಚುವುದಿಲ್ಲವೆಂದು ಮಾತು ಕೊಟ್ಟ ಮಹಾರಾಯ, ಮರುವಾರವೇ ಆ ಮುಚ್ಚಳಗಳ ಮೇಲೆ ಫೈಬರ್ ಬಳಿದು ಹೂತು, ಕೆಳಗೆ ಎಲ್‌ಇಡಿ ಪಟ್ಟಿ ಅಂಟಿಸಿದ. ಅವಳಿಗೇನು ಕಾಣುತ್ತದೆ ಎಂಬ ಧೈರ್ಯ.

ಪಟ್ಟಿಗಳು ಎರಡು ಮಳೆಗಾಲವೂ ಬಾಳಲಿಲ್ಲ. ಗಾಡಿ ಶೆಡ್ಡಿನ ಮೂಲೆ ಸೇರಿತು. ಮೊನ್ನೆ ಮೆರವಣಿಗೆಗೆಂದು ವಿಚಾರಿಸಲು ಬಂದ ಹುಡುಗನೊಬ್ಬ ಅದನ್ನು ನೋಡಿ ಕಿಸಕ್ಕನೆ ನಕ್ಕು, ಮೊಬೈಲಿನಲ್ಲಿ ಚಿತ್ರ ತೋರಿಸಿದ್ದ. ಚೂಪು ಮೂತಿ, ಮೇಲೆದ್ದ ಎರಡು ಕಣ್ಣು. "ಇಂಥಾದ್ದು ಐತೇನ್ರಿ ಕಾಕಾ? ಈಗ ಎಲ್ಲಾರೂ ಇಂಥಾದ್ದಕ್ಕ ಹುಚ್ಚ ಆಗ್ಯಾರ." ತನ್ನ ಕೈಯಾರೆ ಹೂತವನು ಏನು ಹೇಳಿಯಾನು? "ಇಲ್ಲಪಾ," ಎಂದಿದ್ದ.

ಶೆಡ್ಡಿನೊಳಗೆ ಗವ್ವೆನ್ನುವ ಕತ್ತಲೆ. ಹೆಂಡತಿಯ ಕೈ ಹಿಡಿದು ಗಾಡಿಯ ಮುಂದೆ ನಿಲ್ಲಿಸಿದ. ಆಕೆ ಮೂತಿಯನ್ನು ಸವರಿದಳು.

"ಭಾಳ ಊದೈತಲ್ರಿ!"

"ನಮ್ಮಂಗ ಅದಕ್ಕೂ ವಯಸ್ಸಾತಲ್ಲ."

ಆಕೆ ನಕ್ಕಳು. ಆ ದಿನ ನಕ್ಕಿದ್ದು ಅದೇ ಮೊದಲು. ಕೈ ಬಾನೆಟ್ಟಿನ ಮೇಲೆ ಏರತೊಡಗಿದ್ದೇ ದತ್ತಾತ್ರೇಯ ಗಾಬರಿಯಾಗಿ ಹಿಡಿದುಕೊಂಡ. "ಬ್ಯಾಡ, ತುಕ್ಕು ಹಿಡದೈತಿ. ಕೈ ಕೊಯ್ಕೋತಿ."

"ಹಂಗಾರ ನೀವ ಅದರ ಕಣ್ಣ ತೆರೀರಿ. ನಾ ಇಲ್ಲೇ ಮುಂದ ನಿಂದರ್ತೀನಿ."

ಹಳೆಯ ಸಪ್ಪಳ ಕೇಳುವ ಆಸೆಯಿರಬೇಕು ಪಾಪ, ಎಂದುಕೊಂಡ. ತಡಕಾಡಿ ಬ್ಯಾಟರಿ ಜೋಡಿಸಿ, ಒಳಗೆ ಕುಳಿತು ಗುಂಡಿ ಒತ್ತಿದ. ಮೋಟರು ಇನ್ನೂ ಸತ್ತಿರಲಿಲ್ಲ. ಫೈಬರಿನ ಕೆಳಗೆ ಮುಚ್ಚಳ ಎತ್ತಲಾರದೆ ಗರ್ ಗರ್ ಎಂದು ಒದ್ದಾಡಿತು. ಹೊರಗೆ ಏನೂ ಅಲುಗಲಿಲ್ಲ. ಶೆಡ್ಡಿನ ಕತ್ತಲೆ ಇದ್ದ ಹಾಗೇ ಇತ್ತು.

"ತೆರದ್ವೇನ್ರಿ?" ಆಕೆಯ ದನಿಯಲ್ಲಿ ಮದುವಣಗಿತ್ತಿಯ ಸಡಗರ.

"ಹೂಂ, ತೆರದ್ವು."

"ಎರಡೂ?"

"ಎರಡೂ."

ರತ್ನಾಬಾಯಿ ಸೆರಗು ಸರಿ ಮಾಡಿಕೊಂಡಳು. ಮುಖ ಎತ್ತಿ, ರೆಪ್ಪೆ ಬಡಿಯದೆ, ಗಾಡಿಯತ್ತ ನೋಡುತ್ತ ನಿಂತಳು. ಸ್ವಲ್ಪ ಎಡಕ್ಕೆ ಸರಿದಳು, ಮತ್ತೆ ಬಲಕ್ಕೆ. ಮೋಟರು ನರಳುತ್ತಲೇ ಇತ್ತು.

"ದೀಪಾ ಹತ್ತ್ಯಾವೇನ್ರಿ?" ಎಂದಳು. ದನಿ ಇಳಿದಿತ್ತು.

ತನ್ನ ಕಳ್ಳತನ ಬಯಲಾಗುವ ಭಯಕ್ಕೆ ದತ್ತಾತ್ರೇಯ ಇನ್ನಷ್ಟು ಜೋರಾಗಿ ಹೇಳಿದ: "ಹತ್ತ್ಯಾವಲ್ಲ! ಶೆಡ್ ತುಂಬ ಬೆಳಕ ಬಿದ್ದೈತಿ."

ಎತ್ತಿದ್ದ ಆಕೆಯ ಮುಖ ನಿಧಾನವಾಗಿ ಕೆಳಗಿಳಿಯಿತು. ಎರಡೂ ಕೈ ಮುಂದೆ ಚಾಚಿ ಗೋಡೆಗಾಗಿ ತಡಕಾಡಿದಳು.

"ಹಂಗಾರ ಅದೂ ಹೋತ್ರಿ," ಎಂದಳು.