ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಹಾಡು

“ಹಿಂಡಿ ಸಣ್ಣ ಮಾಡಿದ ಎಂಪಿತ್ರೀನೇ ಮತ್ತೆ ಹಿಗ್ಗಿಸಿ ದೊಡ್ಡ ವೇವ್ ಫೈಲ್ ಮಾಡಿ ತಂದಿದ್ದೀಯಲ್ಲೇ! ಹೋದ ದನಿ ಹಾಗೆಲ್ಲ ವಾಪಸ್ ಬರುತ್ತಾ?” ಹಾಡುಗಳಿಗೆ ಕೊನೆಯ ಹದ ಕೊಡುವ ಬರ್ಲಿನ್ನಿನ ತಮ್ಮ ಮಾಸ್ಟರಿಂಗ್ ಕೋಣೆಯಲ್ಲಿ ಡೆಟ್ಲೆಫ್ ಅಜ್ಜ ಪರದೆಯ ಮೇಲಿನ ದನಿಯ ನಕ್ಷೆ ತೋರಿಸಿದರು. ಮೇಲಿನ ಸ್ಥಾಯಿಯ ದನಿಗಳೆಲ್ಲ ಚಾಕುವಿನಲ್ಲಿ ಕತ್ತರಿಸಿದಂತೆ ಮಾಯವಾಗಿದ್ದವು.

ಹಾಡು ತಂದಿದ್ದ ಹುಡುಗಿ ವೀಬ್ಕೆಯ ಮುಖ ಬಾಡಿತು. ಅವಳ ಮೊದಲ ರೆಕಾರ್ಡು ಸಂಜೆಯೊಳಗೆ ಅಚ್ಚಿಗೆ ಹೋಗಬೇಕಿತ್ತು. “ಮೂಲ ಫೈಲು ಕೆಟ್ಟ ಕಂಪ್ಯೂಟರಿನ ಜೊತೆಗೇ ಹೋಯ್ತಜ್ಜ. ಉಳಿದಿರೋದು ಇದೊಂದೇ.”

ಅಜ್ಜ ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಕೆದಕಿದರು. ವೀಬ್ಕೆಯ ಹೆಸರಿದ್ದ ಪೆನ್‌ಡ್ರೈವ್ ಸಿಕ್ಕಿತು. ಹೋದ ಚಳಿಗಾಲದಲ್ಲಿ ಅವಳೇ ಕೇಳಿ ನೋಡಲು ಕೊಟ್ಟಿದ್ದ ಮೂಲ ಹಾಡು ಅದರಲ್ಲಿತ್ತು.

“ಪಾತ್ರೆ ಬಿದ್ದ ಸದ್ದು ಅಂತ ಬೈದಿದ್ರಲ್ಲ! ಎಸೀಲಿಲ್ವಾ?”

“ಬೈಯೋದು ಬೇರೆ, ಎಸೆಯೋದು ಬೇರೆ ಕಣೇ.”

ಹಾಡು ಶುರುವಾಯಿತು. ಈ ಸಲ ತಾಳದ ಕಿಣಿಕಿಣಿ ಪೂರ್ತಿ ಕೇಳಿಸಿತು. ವೀಬ್ಕೆ ಕೆಳಗೆ ನೋಡಿ ನಕ್ಕುಬಿಟ್ಟಳು. ಅಜ್ಜನ ಹಳೇ ಉಣ್ಣೆ ಚಪ್ಪಲಿ ಅದೇ ಲಯಕ್ಕೆ ನೆಲ ಕುಟ್ಟುತ್ತಿತ್ತು.