ಗೋಡೆಯಾಚೆ ಮೂರಡಿ

ಸರ ಕಿತ್ತುಕೊಂಡು ಓಡಿದ ಕಳ್ಳ ಪಕ್ಕದ ಖಾಲಿ ಮನೆಯೊಳಗೆ ಅವಿತಿದ್ದಾನೆಂದು ಯಾರೋ ಹೇಳಿದ್ದರು. ಗೋಡೆಯಾಚೆ ಉಸಿರಾಡುವವರನ್ನು ತೋರಿಸುವ ರಾಡಾರ್ ಹೊತ್ತು ಕಾನ್‌ಸ್ಟೆಬಲ್ ಜಲಜಾ ತನ್ನ ಇನ್ಸ್‌ಪೆಕ್ಟರ್ ಜೊತೆ ಈ ಮನೆಯ ಹಾಲಿಗೆ ಬಂದಳು. ಖಾಲಿ ಮನೆಯ ಕಡೆಗಿದ್ದ ಗೋಡೆಯಲ್ಲಿ ಒಬ್ಬ ಹುಡುಗಿಯ ಫೋಟೊ ಇತ್ತು, ಅದಕ್ಕೊಂದು ಗಂಧದ ಹಾರ.

"ಅದನ್ನ ಮುಟ್ಟಬೇಡಮ್ಮ," ಎಂದರು ಮನೆಯ ಯಜಮಾನರು. "ನಮ್ಮ ಮಗಳು. ಮೊನ್ನೆ ತಾನೇ ಎರಡನೇ ವರ್ಷದ ತಿಥಿ ಮುಗಿಸಿದ್ವಿ."

ಅವರ ಹೆಂಡತಿ ಮೂಲೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಜಲಜಾ ಫೋಟೊದ ಕೆಳಗೆ ಯಂತ್ರವನ್ನು ಆನಿಸಿ ಹಿಡಿದಳು. ಪರದೆಯ ಮೇಲೊಂದು ಚುಕ್ಕೆ ಮೂಡಿ, ಉಸಿರಿನ ಲಯಕ್ಕೆ ಹಿಗ್ಗಿ ಕುಗ್ಗತೊಡಗಿತು.

"ಒಬ್ಬರಿದ್ದಾರೆ ಸಾರ್. ಕದಲ್ತಾ ಇಲ್ಲ."

ಇನ್ಸ್‌ಪೆಕ್ಟರ್ ಹೊರಗೆ ಓಡಿದರು. ಪಕ್ಕದ ಮನೆಯ ಬೀಗ ಒಡೆಯುವ ಸದ್ದಾಯಿತು. ಐದು ನಿಮಿಷಕ್ಕೆ ಬೆವರೊರೆಸಿಕೊಳ್ಳುತ್ತ ವಾಪಸು ಬಂದರು.

"ಅಲ್ಲಿ ಒಂದು ಇಲೀನೂ ಇಲ್ಲ ಕಣಮ್ಮ. ಕಳ್ಳ ಮಾರ್ಕೆಟ್ ಹತ್ರ ಸಿಕ್ಕಿಬಿದ್ನಂತೆ. ನಿನ್ನ ಮಷೀನು ಕೆಟ್ಟಿದೆ, ಎತ್ಕೊ."

"ನಂಗೆ ಆಗ್ಲೇ ಅನ್ನಿಸ್ತು," ಎನ್ನುತ್ತ ಯಜಮಾನರು ಅವರು ಹೋಗಲೆಂದು ಬಾಗಿಲನ್ನು ಪೂರ್ತಿ ತೆರೆದರು.

ಚುಕ್ಕೆ ಇನ್ನೂ ಉಸಿರಾಡುತ್ತಲೇ ಇತ್ತು. ಅದರ ಪಕ್ಕದ ಅಂಕಿ ಮೂರೇ ಅಡಿ ದೂರ ಎನ್ನುತ್ತಿತ್ತು.

"ಈ ಗೋಡೆಗೂ ಆ ಮನೆ ಗೋಡೆಗೂ ಮಧ್ಯೆ ಏನಿದೆ ಯಜಮಾನ್ರೇ?"

"ಏನೂ ಇಲ್ಲ."

ಅಷ್ಟು ಹೊತ್ತೂ ತಲೆ ಎತ್ತದೆ ಕೂತಿದ್ದ ಹೆಂಡತಿ ಎದ್ದು ಬಂದು, ಮಗಳ ಫೋಟೊದಿಂದ ಹಾರವನ್ನು ತೆಗೆದರು.